ಐಲ್ಯಾಂಡ್ ರೆಸಾರ್ಟ್ ಬುಕ್ ಮಾಡೋ ಮುಂಚೆ ರೂಮಿನ ಫೋಟೋ ಅಲ್ಲ, ಗಡಿಯಾರ ನೋಡಿ

ನಮಸ್ಕಾರ. ದಸರಾ ರಜೆ ಬಂತು ಅಂದ್ರೆ ನಮ್ಮ ಕಡೆ ಒಂದು ತಮಾಷೆ ನಡೆಯುತ್ತೆ. ಊರಿಗೆ ಊರೇ ಮೈಸೂರಿಗೆ ಬರುತ್ತೆ, ಮೈಸೂರಿನೋರು ಗಂಟುಮೂಟೆ ಕಟ್ಕೊಂಡು ಆಚೆ ಹೋಗ್ತಾರೆ. ಮೊದಲು ಊಟಿ, ಮಡಿಕೇರಿ ಅಂತಿದ್ದೋರು ಈಗ ಅಂಡಮಾನ್ ಅಂತಾರೆ, ಮಾಲ್ಡೀವ್ಸ್ ಅಂತಾರೆ. ಹೋಗ್ಲಿ, ಒಳ್ಳೇದೇ. ನನ್ನ ತಕರಾರು ಇರೋದು ಆ 'ಐದು ರಾತ್ರಿ, ಆರು ಹಗಲು, ನಾಲ್ಕು ದ್ವೀಪ' ಅನ್ನೋ ಪ್ಯಾಕೇಜ್ ಬಗ್ಗೆ. ಅದರಲ್ಲಿ ವಿಶ್ರಾಂತಿ ಎಲ್ಲಿದೆ ಹೇಳಿ? ಬೆಳಗ್ಗೆ ಸೂಟ್‌ಕೇಸ್ ಕಟ್ಟು, ಜೆಟ್ಟಿಗೆ ಓಡು, ಬೋಟ್ ಹತ್ತು, ಇಳಿ, ಮತ್ತೆ ಸೂಟ್‌ಕೇಸ್ ಬಿಚ್ಚು. ಅಜ್ಜಿ-ತಾತ, ಇಬ್ಬರು ಮಕ್ಕಳು ಜೊತೆಗಿದ್ರೆ ಅದು ರಜೆ ಅಲ್ಲ, ಲಗೇಜ್ ಸಾಗಾಣಿಕೆ.

ನಾನು ಹೇಳೋದು ಇಷ್ಟು. ಒಂದೇ ದ್ವೀಪ, ಒಂದೇ ರೆಸಾರ್ಟ್, ಕನಿಷ್ಠ ಮೂರು ರಾತ್ರಿ, ಆಗೋದಾದ್ರೆ ನಾಲ್ಕು. ಆ ರೆಸಾರ್ಟನ್ನ ಆರಿಸಬೇಕಾದ್ದು ಹಾಸಿಗೆ ಮೇಲೆ ಟವೆಲ್‌ನಲ್ಲಿ ಮಾಡಿಟ್ಟ ಹಂಸ ನೋಡಿ ಅಲ್ಲ. ವಿಮಾನ ಎಷ್ಟೊತ್ತಿಗೆ, ಬೋಟ್ ಎಷ್ಟೊತ್ತಿಗೆ, ಸೂರ್ಯ ಮುಳುಗೋದು ಎಷ್ಟೊತ್ತಿಗೆ, ಸಮುದ್ರ ಉಬ್ಬೋದು ಇಳಿಯೋದು ಎಷ್ಟೊತ್ತಿಗೆ, ಇವು ನಿಮ್ಮ ರಜೆ ಹೆಂಗಿರುತ್ತೆ ಅಂತ ತೀರ್ಮಾನ ಮಾಡ್ತವೆ. ಅಂಡಮಾನ್‌ನೇ ಉದಾಹರಣೆಗೆ ಇಟ್ಕೊಳ್ಳೋಣ, ನಮ್ಮ ಕಡೆಯಿಂದ ಹೆಚ್ಚು ಜನ ಹೋಗೋದು ಅಲ್ಲಿಗೇ.

ಮೈಸೂರಿನ ಏರ್‌ಪೋರ್ಟ್ ಇರೋ ಮಂಡಕಳ್ಳಿಯಿಂದ ಅಂಡಮಾನ್‌ಗೆ ವಿಮಾನ ಇಲ್ಲ. ದೇವನಹಳ್ಳಿಗೆ ಹೋಗಲೇಬೇಕು. ಎಕ್ಸ್‌ಪ್ರೆಸ್‌ವೇ ಇದೆ, ಬೆಂಗಳೂರು ಬೇಗ ಬರುತ್ತೆ, ನಿಜ. ಆದ್ರೆ ಬೆಂಗಳೂರು ದಾಟಿ ಏರ್‌ಪೋರ್ಟ್ ಸೇರೋ ಹೊತ್ತಿಗೆ ಮೈಸೂರಿಂದ ನಾಲ್ಕು ಗಂಟೆ ಅಂತೂ ಇಟ್ಕೊಳ್ಳಿ. ಬೆಳಗ್ಗೆ ಆರರ ವಿಮಾನ ಅಂದ್ರೆ ನಾಲ್ಕಕ್ಕೆ ಅಲ್ಲಿರಬೇಕು. ಅಂದ್ರೆ ಹಿಂದಿನ ರಾತ್ರಿ ಹನ್ನೊಂದೂವರೆಗೆ ಮನೆ ಬಿಡಬೇಕು, ಮಂಡ್ಯದವರಾದ್ರೆ ಹನ್ನೆರಡೂಕಾಲಿಗೆ. ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಆದ್ರೆ ಅದರ ಟೈಮು ನಿಮ್ಮ ವಿಮಾನಕ್ಕೆ ಹೊಂದುತ್ತಾ ಅಂತ ಟಿಕೆಟ್ ಬುಕ್ ಮಾಡೋ ಮುಂಚೆ ನೋಡಿ, ಆಮೇಲಲ್ಲ.

ಈಗ ಕೆಡೋದು ಹೆಂಗೆ ನೋಡಿ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಎರಡೂವರೆ ಗಂಟೆ ವಿಮಾನ. ಪೋರ್ಟ್ ಬ್ಲೇರ್‌ನಲ್ಲಿ ಇಳಿದ ತಕ್ಷಣ ಏಜೆಂಟು ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗೋ ಬೋಟ್‌ಗೆ ತಳ್ತಾನೆ. ಖಾಸಗಿ ಬೋಟ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಾದ್ರೆ ಇನ್ನೂ ಹೆಚ್ಚು. ನಿದ್ದೆಗೆಟ್ಟ ಮೈ, ಏರ್‌ಪೋರ್ಟ್‌ನಲ್ಲಿ ತಿಂದ ಎಣ್ಣೆ ಪೂರಿ, ಮುಚ್ಚಿದ ಎಸಿ ಕ್ಯಾಬಿನ್ನು. ಅರ್ಧ ದಾರಿಗೆ ಪ್ಲಾಸ್ಟಿಕ್ ಕವರ್ ಹುಡುಕೋ ಸ್ಥಿತಿ. ಆ ಸಂಜೆಯೂ ಹೋಯ್ತು, ಮಾರನೇ ಬೆಳಗ್ಗೆಯೂ ಅರ್ಧ ಹೋಯ್ತು.

ಇದಕ್ಕೆ ಮದ್ದು ಸುಲಭ. ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಮಧ್ಯಾಹ್ನ ನಿದ್ದೆ ಮಾಡಿ, ಆಮೇಲೆ ಸೆಲ್ಯುಲಾರ್ ಜೈಲು ನೋಡಿ, ಮಾರನೇ ದಿನ ಬೆಳಗಿನ ಬೋಟ್ ಹಿಡೀರಿ. ಬೋಟ್‌ನಲ್ಲಿ ಮಧ್ಯದ ಸೀಟು ಕೇಳಿ. ಮುಂದಿನ ಸೀಟಲ್ಲಿ ಕಿಟಕಿ ಚೆನ್ನಾಗಿರುತ್ತೆ, ಕುಲುಕಾಟವೂ ಅಲ್ಲೇ ಜಾಸ್ತಿ. ಮಕ್ಕಳ ಕೈಯಿಂದ ಮೊಬೈಲ್ ಕಿತ್ಕೊಂಡು ದೂರದ ದಿಗಂತ ನೋಡೋಕೆ ಹೇಳಿ. ವಾಂತಿ ಮಾತ್ರೆನ ಬೋಟ್ ಹೊರಟ ಮೇಲೆ ನುಂಗಿದ್ರೆ ಏನೂ ಪ್ರಯೋಜನ ಇಲ್ಲ, ಒಂದು ಗಂಟೆ ಮುಂಚೆ ತಗೋಬೇಕು. ಮಕ್ಕಳಿಗೆ, ಬಿಪಿ-ಶುಗರ್ ಮಾತ್ರೆ ತಗೊಳ್ಳೋ ಹಿರಿಯರಿಗೆ ಮಾತ್ರ ನಿಮ್ಮ ಡಾಕ್ಟರನ್ನ ಕೇಳದೆ ಕೊಡಬೇಡಿ.

ಇನ್ನೊಂದು. ಟಿಕೆಟ್ ನೋಡಿ ಗಾಬರಿ ಆಗಬೇಡಿ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯ್ತು. ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹೊಸ ಹೆಸರು ಇರುತ್ತೆ. ಊರು ಅದೇ.

ಸರಿ, ಸೂರ್ಯ. ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದೆ, ಆದ್ರೆ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಮೈಸೂರಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ ಬೆಳಗಾಗುತ್ತೆ, ಅಷ್ಟೇ ಮುಂಚೆ ಕತ್ತಲಾಗುತ್ತೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗ್ತಾನೆ. 'ತಿಂಡಿ ತಿಂದು ಹತ್ತಕ್ಕೆ ಬೀಚಿಗೆ ಹೋಗೋಣ, ಸಂಜೆ ಕಾಫಿ ಕುಡಿದು ಇನ್ನೊಂದು ರೌಂಡ್' ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ. ಹತ್ತಕ್ಕೆ ಬಿಸಿಲು ನಮ್ಮ ಹನ್ನೊಂದರ ಬಿಸಿಲು. ನೀರಿಗಿಳಿಯೋಕೆ ಒಳ್ಳೇ ಹೊತ್ತು ಬೆಳಗ್ಗೆ ಆರರಿಂದ ಒಂಬತ್ತು. ಮಕ್ಕಳನ್ನ ರಾತ್ರಿ ಎಂಟಕ್ಕೆ ಮಲಗಿಸಿ, ಐದಕ್ಕೆ ಎಬ್ಬಿಸಿ. ರಜೇಲೂ ಐದಕ್ಕೆ ಏಳಬೇಕಾ ಅಂತ ಮುಖ ಸಿಂಡರಿಸಬೇಡಿ, ಮಧ್ಯಾಹ್ನ ಮೂರು ಗಂಟೆ ನಿದ್ದೆ ನಿಮ್ಮದೇ.

ಈಗ ಮುಖ್ಯ ವಿಷಯ. ಉಬ್ಬರ, ಇಳಿತ. ಬಯಲುಸೀಮೆಯ ನಮಗೆ ಇದರ ಅಂದಾಜೇ ಇರಲ್ಲ. ಕೆಆರ್‌ಎಸ್ ಹಿನ್ನೀರು ಬೆಳಗ್ಗೆ ಎಲ್ಲಿತ್ತೋ ಸಂಜೆನೂ ಅಲ್ಲೇ ಇರುತ್ತೆ. ಸಮುದ್ರ ಹಂಗಲ್ಲ. ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ, ಏರಿಕೆಗೂ ಇಳಿಕೆಗೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ. ಇವತ್ತು ಎಂಟಕ್ಕೆ ಪೂರ್ತಿ ಉಬ್ಬರ ಇದ್ರೆ ನಾಳೆ ಎಂಟೂ ಐವತ್ತಕ್ಕೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿ ಹೊತ್ತಿಗೆ ಕಡಿಮೆ. ನೋಡಿ, ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಲ್ಲಿ ಕೆಲಸಕ್ಕೆ ಬರುತ್ತೆ. ನಿಖರ ಸಮಯ ಬೇಕಾದ್ರೆ ಸರ್ವೆ ಆಫ್ ಇಂಡಿಯಾ ಪ್ರಕಟಿಸೋ ಉಬ್ಬರವಿಳಿತದ ಕೋಷ್ಟಕ ಇದೆ.

ಇದರಿಂದ ನಿಮಗೇನು? ಹ್ಯಾವ್‌ಲಾಕ್‌ನ ಬಹಳಷ್ಟು ರೆಸಾರ್ಟ್‌ಗಳು ಇರೋದು ಪೂರ್ವ ದಡದಲ್ಲಿ, ಗೋವಿಂದನಗರ, ವಿಜಯನಗರ ಬೀಚುಗಳ ಸಾಲಲ್ಲಿ. ಆ ಕಡೆ ತಳದಲ್ಲಿ ಕಲ್ಲು, ಸತ್ತ ಹವಳ. ಉಬ್ಬರದಲ್ಲಿ ತೆಗೆದ ಫೋಟೋದಲ್ಲಿ ನೀಲಿ ನೀರು ರೂಮಿನ ಮೆಟ್ಟಿಲವರೆಗೂ ಬಂದಿರುತ್ತೆ. ಅದೇ ಜಾಗ ಇಳಿತದಲ್ಲಿ ನೋಡಿದ್ರೆ ನೀರು ದೂರ ಸರಿದು, ಪಾಚಿ ಹಿಡಿದ ಕಲ್ಲು, ಅಲ್ಲಲ್ಲಿ ಗುಂಡಿ ನೀರು. ಕಾಲಿಟ್ರೆ ಕುಯ್ಯುತ್ತೆ. 'ಸಮುದ್ರಕ್ಕೆ ಮುಖ ಮಾಡಿದ ಕಾಟೇಜ್' ಅಂತ ಹೆಚ್ಚು ದುಡ್ಡು ಕೊಟ್ಟೋರು ಮೋಸ ಹೋದ್ವಿ ಅಂತಾರೆ. ಮೋಸ ಅಲ್ಲ, ಪ್ರಶ್ನೆ ಕೇಳಲಿಲ್ಲ ಅಷ್ಟೇ. ಫೋನ್ ಮಾಡಿ ಕೇಳಬೇಕಾದ್ದು ಹೀಗೆ: 'ನಾವು ಇರೋ ತಾರೀಖುಗಳಲ್ಲಿ ನಿಮ್ಮ ಬೀಚಲ್ಲಿ ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ಈಜಬಹುದು? ಇಳಿತ ಇದ್ದಾಗ ತೆಗೆದ ಫೋಟೋ ಕಳಿಸ್ತೀರಾ?' ಒಳ್ಳೇ ರೆಸಾರ್ಟು ತಕ್ಷಣ ಉತ್ತರ ಕೊಡುತ್ತೆ. 'ಇಪ್ಪತ್ತನಾಲ್ಕು ಗಂಟೆ ಈಜಬಹುದು ಸಾರ್' ಅಂದ್ರೆ ಫೋನ್ ಇಡಿ.

ಪಶ್ಚಿಮ ದಡದ ರಾಧಾನಗರ ಬೀಚು ಬೇರೆ ಥರ. ಮೆತ್ತನೆ ಮರಳು, ನಿಧಾನ ಇಳಿಜಾರು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಆದ್ರೆ ಅದರ ಹತ್ತಿರ ಇರೋ ರೆಸಾರ್ಟು ಬೆರಳೆಣಿಕೆ, ದರವೂ ಹಂಗೇ. ನನ್ನ ಕೇಳಿದ್ರೆ ಮಧ್ಯಮ ವರ್ಗದ ಮನೆಗೆ ಪೂರ್ವ ದಡದಲ್ಲಿ ಸ್ವಿಮ್ಮಿಂಗ್ ಪೂಲ್ ಇರೋ, ಸಮುದ್ರ ಕಾಣದಿದ್ರೂ ಪರವಾಗಿಲ್ಲ ಅನ್ನೋ ಗಾರ್ಡನ್ ರೂಮೇ ಸರಿ. ಉಳಿದ ದುಡ್ಡಲ್ಲಿ ಆಟೋ ಮಾಡ್ಕೊಂಡು ರಾಧಾನಗರಕ್ಕೆ ಹೋಗಿ ಬನ್ನಿ. ಇಳಿತದ ಹೊತ್ತಿಗೆ ಪೂಲ್ ಇದೆ, ಉಬ್ಬರದ ಹೊತ್ತಿಗೆ ಸಮುದ್ರ ಇದೆ.

ಈಜು ಬರುತ್ತೆ ಅನ್ನೋರಿಗೆ ಒಂದು ಮಾತು. ವಿ.ಸಿ. ನಾಲೇಲಿ ಈಜು ಕಲಿತ ಮಂಡ್ಯದ ಹುಡುಗರ ತೋಳಿನ ಬಲದ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ನಾಲೆಗೆ ಎರಡು ದಂಡೆ ಇದೆ, ಸೆಳೆತ ಒಂದೇ ದಿಕ್ಕು. ಸಮುದ್ರದಲ್ಲಿ ದಡಕ್ಕೆ ಬಂದ ನೀರು ವಾಪಸ್ ಹೋಗೋಕೆ ಒಂದು ಕಿರಿದಾದ ದಾರಿ ಮಾಡ್ಕೊಂಡಿರುತ್ತೆ. ಅಲೆ ಸಾಲಾಗಿ ಒಡೀತಿರೋ ಕಡೆ ನಡುವೆ ಒಂದು ಜಾಗದಲ್ಲಿ ಮಾತ್ರ ಅಲೆ ಒಡೆಯದೆ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತೆ. ಹೊಸಬರು 'ಇಲ್ಲಿ ಅಲೆ ಇಲ್ಲ' ಅಂತ ಮಕ್ಕಳನ್ನ ಅಲ್ಲೇ ಇಳಿಸ್ತಾರೆ. ಒಳಗೆ ಎಳೆಯೋದೇ ಅಲ್ಲಿ. ಸಿಕ್ಕಿಹಾಕ್ಕೊಂಡ್ರೆ ದಡದ ಕಡೆಗೆ ಎದುರು ಈಜಬೇಡಿ, ಸುಸ್ತಾಗೋದೇ ಅದರಿಂದ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಆಚೆ ಬನ್ನಿ, ಆಮೇಲೆ ದಡಕ್ಕೆ. ಮೊಸಳೆ ಎಚ್ಚರಿಕೆ ಬೋರ್ಡು ಕಂಡ್ರೆ ನಗಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇರೋದು ನಿಜ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ, ತೊರೆ ಸಮುದ್ರ ಸೇರೋ ಕಡೆ, ಮುಸ್ಸಂಜೆಯಲ್ಲಿ ನೀರಿಗಿಳಿಯಬಾರದು.

ಸ್ನಾರ್ಕೆಲಿಂಗ್, ಅಂದ್ರೆ ಮಾಸ್ಕ್, ಉಸಿರಾಟದ ಕೊಳವೆ ಹಾಕ್ಕೊಂಡು ನೀರಿನ ಮೇಲೆ ತೇಲ್ತಾ ಕೆಳಗೆ ನೋಡೋದು, ಮಾಡಿಸ್ತೀರಿ ಅಂದ್ರೆ ಮಾಸ್ಕ್ ಪರೀಕ್ಷೆ ದಡದಲ್ಲೇ ಮಾಡಿ. ಪಟ್ಟಿ ಹಾಕ್ಕೋಬೇಡಿ. ಮಾಸ್ಕನ್ನ ಮುಖಕ್ಕೆ ಒತ್ತಿ, ಮೂಗಿಂದ ಸ್ವಲ್ಪ ಉಸಿರು ಎಳ್ಕೊಂಡು ಕೈ ಬಿಡಿ. ಬೀಳದೆ ಅಂಟ್ಕೊಂಡ್ರೆ ಅದು ನಿಮ್ಮ ಅಳತೆ. ಬಿದ್ರೆ ಬೇರೆ ಕೇಳಿ, ಪಟ್ಟಿ ಬಿಗಿ ಮಾಡಿದ್ರೆ ಸರಿಹೋಗಲ್ಲ, ಇನ್ನೂ ಸೋರುತ್ತೆ. ಹಣೆ ಕೂದಲು ಒಂದೆಳೆ ಅಂಚಿನ ಕೆಳಗೆ ಸಿಕ್ಕಿದ್ರೂ ನೀರು ಬರುತ್ತೆ. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಮೀಸೆ. ಮಂಡ್ಯದ ಗತ್ತಿನ ಮೀಸೆ ಇಟ್ಕೊಂಡು ಸ್ನಾರ್ಕೆಲಿಂಗ್‌ಗೆ ಇಳಿದ್ರೆ ಮೂಗಿನ ಕೆಳಗಿಂದ ನೀರು ನುಗ್ಗೇ ನುಗ್ಗುತ್ತೆ. ಬೋಳಿಸಿ ಅಂತ ಹೇಳೋ ಧೈರ್ಯ ನನಗಿಲ್ಲ, ಮೀಸೆಗೆ ವ್ಯಾಸ್ಲಿನ್ ದಪ್ಪಗೆ ಹಚ್ಚಿ. ಗಾಜು ಮಂಜಾಗದಿರೋಕೆ ಒಳಗೆ ಒಂದು ಹನಿ ಬೇಬಿ ಶಾಂಪೂ ಉಜ್ಜಿ, ಸ್ವಲ್ಪ ತೊಳೆದು ಹಾಕ್ಕೊಳ್ಳಿ.

ಸಿಲಿಂಡರ್ ಕಟ್ಕೊಂಡು ನೀರಿನ ಆಳಕ್ಕೆ ಇಳಿಯೋ ಸ್ಕೂಬಾ ಡೈವಿಂಗ್‌ಗೆ ಮಗುವಿಗೆ ಹತ್ತು ವರ್ಷ ಆಗಿರಬೇಕು. ಅಸ್ತಮಾ, ಹೃದಯದ ತೊಂದರೆ ಇದ್ರೆ ಫಾರಂನಲ್ಲಿ ಮುಚ್ಚಿಡಬೇಡಿ. ಇನ್ನು ಡೈವ್ ಮಾಡಿ ವಿಮಾನ ಹತ್ತೋಕೆ ನಡುವೆ ಕನಿಷ್ಠ 18 ಗಂಟೆ ಬಿಡಿ, ಮೈಯಲ್ಲಿ ಸೇರಿರೋ ಸಾರಜನಕ ಹೊರಗೆ ಹೋಗೋಕೆ ಸಮಯ ಬೇಕು. ಅದಕ್ಕೇ ಸ್ಕೂಬಾನ ಮೊದಲ ದಿನಗಳಲ್ಲಿ ಮುಗಿಸಿ.

ಹಿರಿಯರು ಜೊತೆಗಿದ್ರೆ ರೂಮಿಗೆ ಎಷ್ಟು ಮೆಟ್ಟಿಲು, ಊಟದ ಹಾಲ್‌ಗೆ ದಾರಿ ಮರಳೋ ಕಾಂಕ್ರೀಟೋ, ಬಾತ್‌ರೂಮ್ ನೆಲ ಜಾರುತ್ತಾ, ಹಿಡ್ಕೊಳ್ಳೋಕೆ ಕಂಬಿ ಇದೆಯಾ, ಇದನ್ನ ಕೇಳಿ. ಮರದ ಕಾಟೇಜು ನೋಡೋಕೆ ಚೆಂದ, ಮಂಡಿ ನೋವಿರೋರಿಗೆ ಅದರ ಮೆಟ್ಟಿಲೇ ಶಿಕ್ಷೆ. ಊಟದ ವಿಷಯ ಹೇಳ್ಬಿಡ್ತೀನಿ: ಹ್ಯಾವ್‌ಲಾಕ್‌ನಲ್ಲಿ ನೆಲೆಸಿರೋರಲ್ಲಿ ಬಂಗಾಳಿಗಳೇ ಹೆಚ್ಚು, ಮೀನು ಬಲು ರುಚಿ. ಸಸ್ಯಾಹಾರಿಗಳು ಉಪವಾಸ ಬೀಳಲ್ಲ, ಆದ್ರೆ ಮುದ್ದೆ, ಬಸ್ಸಾರು ನೆನೆಸ್ಕೋಬೇಡಿ. ರೂಮಲ್ಲಿ ಕೆಟಲ್ ಇದ್ರೆ ರಾಗಿ ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಾಕು. ಗೊಜ್ಜನ್ನ ಮಾತ್ರ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಊಟ ಸೇರಿದ ದರ ತಗೊಳ್ಳೋದಾದ್ರೆ ತಿಂಡಿ ಜೊತೆ ರಾತ್ರಿ ಊಟ ಮಾತ್ರ ಸೇರಿಸಿ.

ಮುಸ್ಸಂಜೆ ಮರಳಲ್ಲಿ ಬರಿಗಾಲಲ್ಲಿ ಕೂತ್ರೆ ಮರಳುನೊಣ ಕಚ್ಚುತ್ತೆ, ಕಣ್ಣಿಗೆ ಸರಿಯಾಗಿ ಕಾಣಲ್ಲ, ತುರಿಕೆ ದಿನಗಟ್ಟಲೆ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಸ್ವಲ್ಪ ತಡೆಯುತ್ತೆ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ಮಕ್ಕಳಿಗೆ ತುಂಬುತೋಳಿನ ಈಜು ಬಟ್ಟೆ.

ಯಾವಾಗ ಹೋಗೋದು? ನಮ್ಮ ಬೇಸಿಗೆ ರಜೆಗೆ ಏಪ್ರಿಲ್ ಕೊನೆಯ ಎರಡು ವಾರ ಚೆನ್ನಾಗಿದೆ. ಕೇರಳಕ್ಕಿಂತ ಮುಂಚೆ, ಮೇ ತಿಂಗಳ ಮೂರನೇ ವಾರದ ಸುಮಾರಿಗೇ ಮುಂಗಾರು ಅಂಡಮಾನ್ ತಲುಪುತ್ತೆ, ಆಗ ರಾಧಾನಗರದ ಕಡೆ ಅಲೆ ಜೋರು. ದಸರಾ ರಜೆಯಲ್ಲಿ ಮಳೆ, ವಾಯುಭಾರ ಕುಸಿತ ಎರಡಕ್ಕೂ ಸಿದ್ಧವಾಗಿರಿ. ಡಿಸೆಂಬರ್ ಕೊನೆಯಿಂದ ಮಾರ್ಚ್ ಉತ್ತಮ, ರೂಮ್ ದರ ಮಾತ್ರ ಏರಿರುತ್ತೆ.

ಮಾಲ್ಡೀವ್ಸೇ ಬೇಕು ಅನ್ನೋರು ಲೆಕ್ಕ ಪೂರ್ತಿ ಮಾಡಿ. ರೂಮ್ ದರದ ಪಕ್ಕ ಎರಡು ಪ್ಲಸ್ ಗುರುತು ಕಂಡ್ರೆ ಶೇ. 10 ಸರ್ವಿಸ್ ಚಾರ್ಜು, ಶೇ. 17 ಜಿಎಸ್‌ಟಿ ಹೊರಗಿದೆ ಅಂತ ಅರ್ಥ. 2025ರಿಂದ ರೆಸಾರ್ಟ್‌ಗಳಲ್ಲಿ ತಲೆಗೆ, ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್. ನಾಲ್ಕು ಜನ ನಾಲ್ಕು ರಾತ್ರಿ ಅಂದ್ರೆ ಅದೊಂದೇ 192 ಡಾಲರ್. ರೆಸಾರ್ಟ್‌ಗೆ ಕರ್ಕೊಂಡು ಹೋಗೋ ಸೀಪ್ಲೇನ್ (ನೀರಿನ ಮೇಲೆ ಇಳಿಯೋ ಚಿಕ್ಕ ವಿಮಾನ) ಹಗಲಲ್ಲಿ ಮಾತ್ರ ಹಾರುತ್ತೆ, ಸಂಜೆ ಮಾಲೆಯಲ್ಲಿ ಇಳಿದ್ರೆ ಒಂದು ರಾತ್ರಿ ಅಲ್ಲೇ. ಸ್ಪೀಡ್ ಬೋಟ್‌ನಲ್ಲಿ ತಲುಪೋ ರೆಸಾರ್ಟ್ ಆರಿಸಿ. ದೇವರ ವಿಗ್ರಹ ಒಯ್ಯೋ ಹಾಗಿಲ್ಲ, ಅಜ್ಜಿಗೆ ಮೊದಲೇ ಹೇಳಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಕೊನೇ ಗಳಿಗೆಯಲ್ಲಿ ಆಗೋ ಕೆಲಸ ಅಲ್ಲ.

ಅಂಡಮಾನ್‌ನಿಂದ ವಾಪಸ್ ಬರುವಾಗ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಗಾಳಿ ಎದ್ದು ಬೋಟ್ ರದ್ದಾದ್ರೆ ಬೋಟ್ ದುಡ್ಡು ವಾಪಸ್ ಬರಬಹುದು, ನಾಲ್ಕು ವಿಮಾನ ಟಿಕೆಟ್‌ನ ದುಡ್ಡು ಬರಲ್ಲ. ಬ್ಯಾಗ್ ಕಟ್ಟುವಾಗ ಮಕ್ಕಳ ಜೇಬು ತಡಕಿ ನೋಡಿ. ಸತ್ತ ಹವಳದ ಚೂರಾದ್ರೂ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಏರ್‌ಪೋರ್ಟ್‌ನ ಸ್ಕ್ಯಾನರ್‌ನಲ್ಲಿ ಕಂಡ್ರೆ ಹಿಡಿದು ನಿಲ್ಲಿಸ್ತಾರೆ. ಚಿಪ್ಪು ಬೇಕೇ ಬೇಕು ಅಂತ ಹಟ ಹಿಡಿದ್ರೆ ಸಾಗರಿಕಾ ಸರ್ಕಾರಿ ಎಂಪೋರಿಯಂನಲ್ಲಿ ಕೊಳ್ಳಿ, ಬಿಲ್ಲನ್ನ ಬೋರ್ಡಿಂಗ್ ಪಾಸ್ ಜೊತೆಗೇ ಇಟ್ಕೊಳ್ಳಿ.