ಮೊದಲು ಒಂದು ಚಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸದಾಗಿ ಅಡುಗೆ ಶುರು ಮಾಡುವವರು ಮನೆಗೆ ಯಾವ್ಯಾವ ಸಾಮಾನು ತರಬೇಕು, ಅದನ್ನು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಪೆನ್ನು, ಕಾಗದ ಹಿಡಿದು ಕೂತಿದ್ದರೆ ಪಕ್ಕಕ್ಕಿಡಿ. ಬರೆದುಕೊಳ್ಳುವಂಥದ್ದು ಏನೂ ಇಲ್ಲ. ಹರಿತವಾದ ಒಂದು ಚಾಕು ತನ್ನಿ. ಮಿಕ್ಕಿದ್ದು ಆಮೇಲೆ ನೋಡೋಣ.

ನಾನು ಅಡುಗೆ ಕಲಿಸಲು ಶುರು ಮಾಡಿ ಬಹಳ ವರ್ಷವಾಯಿತು. ಬರುವವರಲ್ಲಿ ಹೆಚ್ಚಿನವರು ಮೊದಲ ದಿನ ಹೇಳುವ ಮಾತು ಒಂದೇ: "ನನಗೆ ಕೈಯೇ ಓಡಲ್ಲ." ಹೇಗೆ ಓಡಬೇಕು? ಅವರ ಮನೆ ಚಾಕುವಿನಲ್ಲಿ ಬೆಣ್ಣೆ ಬಿಟ್ಟು ಬೇರೇನೂ ಹೆಚ್ಚಲು ಬರುವುದಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಅಡುಗೆಮನೆಯಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕೇ ಇರುತ್ತದೆ.

ಒಬ್ಬ ಹುಡುಗನ ಕಥೆ ಹೇಳಲೇಬೇಕು. ಹೊಸ ಮನೆ ಮಾಡಿದ್ದ. "ಅಡುಗೆಮನೆ ಜೋಡಿಸಿದ್ದೇನೆ, ಬಂದು ನೋಡಿ" ಎಂದು ಕರೆದ. ಹೋದೆ. ಒಳಗೆ ಕಾಲಿಟ್ಟರೆ ಅಂಗಡಿಯೇ! ಮರದ ದಿಮ್ಮಿಗೆ ಚುಚ್ಚಿಟ್ಟ 12 ಚಾಕು. ಬೆಳ್ಳುಳ್ಳಿ ಹಿಂಡಲು ಒಂದು ಸಾಧನ. ಬೆಂದ ಮೊಟ್ಟೆ ಬಿಲ್ಲೆ ಮಾಡಲು ತಂತಿ ಬಿಗಿದ ಇನ್ನೊಂದು. ಸೇಬಿನ ನಡುವಿನ ಬೀಜದ ಭಾಗ ತೆಗೆಯಲು ಒಂದು ಕೊಳವೆ. ಬಾಳೆಹಣ್ಣು ಹೆಚ್ಚಲೂ ಒಂದಿತ್ತು, ನಂಬಿ. ಬಾಳೆಹಣ್ಣು! ಅದನ್ನು ಚಮಚದ ಹಿಡಿಯಲ್ಲೂ ಹೆಚ್ಚಬಹುದು.

"ಇಷ್ಟೆಲ್ಲ ಇದ್ದರೂ ಒಂದು ಹೊತ್ತಿನ ಅಡುಗೆಗೆ ಎರಡು ಗಂಟೆ ಹಿಡಿಯುತ್ತದೆ" ಅಂದ. ಒಂದು ಟೊಮೆಟೊ ಹೆಚ್ಚಿ ತೋರಿಸಪ್ಪ ಅಂದೆ. ಇದ್ದುದರಲ್ಲೇ ದೊಡ್ಡ ಚಾಕು ಎಳೆದ. ಟೊಮೆಟೊ ಮೇಲಿಟ್ಟು ಒತ್ತಿದ. ಸಿಪ್ಪೆ ಒಳಕ್ಕೆ ಕುಸಿಯಿತೇ ಹೊರತು ಸೀಳಲಿಲ್ಲ. ಇನ್ನೂ ಒತ್ತಿದ. ಚಾಕು ಪಕ್ಕಕ್ಕೆ ಜಾರಿ ಮಣೆಗೆ ಬಡಿಯಿತು, ಬೀಜವೆಲ್ಲ ನನ್ನ ಬಟ್ಟೆ ಮೇಲೆ. ಅವನ ಬೆರಳು ಕೂದಲೆಳೆಯಲ್ಲಿ ಉಳಿಯಿತು.

ನಾನು ಬಾಯಿ ನೋಯುವಷ್ಟು ಸಲ ಹೇಳುವುದು ಇದನ್ನೇ. ಬೆರಳು ಕೊಯ್ಯುವುದು ಮೊಂಡು ಚಾಕು, ಹರಿತ ಚಾಕು ಅಲ್ಲ. ಹರಿತ ಚಾಕುವಿಗೆ ಬಲ ಬೇಡ, ನೀವು ಇಟ್ಟ ಕಡೆಯೇ ಇಳಿಯುತ್ತದೆ. ಮೊಂಡಕ್ಕೆ ಬಲ ಹಾಕುತ್ತೀರಿ, ಅದು ಜಾರುತ್ತದೆ, ಜಾರಿದ ಕಡೆ ನಿಮ್ಮ ಕೈ ಇರುತ್ತದೆ. ಅಷ್ಟೇ ಲೆಕ್ಕ.

ಸಾಣೆಕಲ್ಲು ಎಲ್ಲಿ ಅಂದೆ. "ಅದು ಸೆಟ್ಟಿನಲ್ಲಿ ಬಂದಿರಲಿಲ್ಲ" ಅಂದ. ಸರಿ, ಒಂದು ಪಿಂಗಾಣಿ ಕಪ್ಪು ತೆಗೆದು ಬೋರಲು ಹಾಕಿದೆ. ಕಪ್ಪಿನ ತಳ ಯಾವತ್ತಾದರೂ ಮುಟ್ಟಿ ನೋಡಿದ್ದೀರಾ? ಮೇಜಿಗೆ ತಾಗುವ ಕಡೆ ಬಳೆಯ ಹಾಗೆ ಒಂದು ಒರಟು ಅಂಚು ಇರುತ್ತದೆ. ಅಲ್ಲಿ ಹೊಳಪಿನ ಲೇಪ ಇರುವುದಿಲ್ಲ. ಉಕ್ಕನ್ನು ಮಸೆಯುವಷ್ಟು ಗಟ್ಟಿ ಅದು. ಚಾಕುವನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ. ಅರ್ಧಕ್ಕೆ ಬಾಗಿಸಿ. ಮತ್ತೆ ಅದರ ಅರ್ಧಕ್ಕೆ ಬಾಗಿಸಿ. ಹೆಚ್ಚುಕಡಿಮೆ 20 ಡಿಗ್ರಿ ಆಯಿತು, ಕೋನಮಾಪಕ ಬೇಡ. ಆ ಕಡೆ 10 ಸಲ, ಈ ಕಡೆ 10 ಸಲ ಎಳೆದೆ. ತೊಳೆದು ಒರೆಸಿದೆ. ಟೊಮೆಟೊ ಮೇಲಿಟ್ಟು ಸುಮ್ನೆ ಹಿಂದಕ್ಕೆ ಎಳೆದೆ, ಒತ್ತಲೇ ಇಲ್ಲ. ತೆಳ್ಳನೆ ಬಿಲ್ಲೆ ಮಗುಚಿ ಬಿತ್ತು.

ಹುಡುಗ ಟೊಮೆಟೊ ನೋಡಲಿಲ್ಲ. ಕಪ್ಪನ್ನೇ ನೋಡುತ್ತ, "ಇದರಲ್ಲಿ ಎರಡು ವರ್ಷದಿಂದ ಬರೀ ಚಹಾ ಕುಡಿದೆನಲ್ಲ" ಅಂದ.

ಎಂಥ ಚಾಕು ತರಬೇಕು? ಅಲಗು 8 ಇಂಚು, ಅಂದರೆ 20 ಸೆಂಟಿಮೀಟರ್. ಕೈ ಚಿಕ್ಕದಿದ್ದರೆ 6 ಇಂಚೂ ಆಗುತ್ತದೆ. ಕಾರ್ಬನ್ ಉಕ್ಕಿನದು ಚೆನ್ನಾಗಿ ಹರಿತವಾಗುತ್ತದೆ, ಆದರೆ ಒರೆಸದೆ ಬಿಟ್ಟರೆ ತುಕ್ಕು. ಕಲಿಯುವವರಿಗೆ ಸ್ಟೇನ್‌ಲೆಸ್ ಸಾಕು. ಸೆಟ್ ಬೇಡ. ಸೆಟ್ಟಿನ ದುಡ್ಡಿನಲ್ಲಿ ಒಂದು ಒಳ್ಳೆಯದು ತಗೊಳ್ಳಿ, ಉಳಿದದ್ದಕ್ಕೆ ಸಾಣೆಕಲ್ಲು. ತಂದ ಮೇಲೆ ಸಿಂಕಿನ ಸೋಪುನೀರಿನಲ್ಲಿ ಮುಳುಗಿಸಿ ಬಿಡಬೇಡಿ. ಬೇರೆ ಪಾತ್ರೆಗೆ ತಾಗಿ ಅಲಗು ಮುಕ್ಕಾಗುತ್ತದೆ, ಕಾಣದೆ ಕೈ ಹಾಕಿದವರ ಗತಿ ಬೇರೆ ಹೇಳಬೇಕಾಗಿಲ್ಲ. ಹೆಚ್ಚುವ ಮಣೆ ಮರದ್ದಿರಲಿ, ಪ್ಲಾಸ್ಟಿಕ್ ಆದರೂ ಸರಿ. ಗಾಜಿನ ಮಣೆ ನೋಡಲು ಚಂದ. ಅದರ ಮೇಲೆ ನಿಮ್ಮ ಹರಿತ ಚಾಕು ಹೆಚ್ಚು ದಿನ ಹರಿತವಾಗಿ ಉಳಿಯುವುದಿಲ್ಲ. ಮಣೆ ಅಲುಗಾಡದ ಹಾಗೆ ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿ.

ಅಯ್ಯೋ, ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷವಂತೆ. ಪಾತ್ರೆಯ ಮಾತು ಬರಲೇ ಇಲ್ಲ ಅಲ್ವಾ? ಬೇಗ ಹೇಳಿಬಿಡುತ್ತೇನೆ. ತಳ ದಪ್ಪ ಇರಲಿ. ಬರೀ ಸ್ಟೇನ್‌ಲೆಸ್ ಸ್ಟೀಲ್ ಶಾಖ ಹರಡುವುದರಲ್ಲಿ ಸೋಮಾರಿ, ಅಲ್ಯೂಮಿನಿಯಂ ಅದಕ್ಕಿಂತ 10 ಪಟ್ಟಿಗೂ ಜಾಸ್ತಿ ಚುರುಕು. ಅದಕ್ಕೇ ಒಳ್ಳೆಯ ಸ್ಟೀಲ್ ಪಾತ್ರೆಯ ತಳದೊಳಗೆ ಅಲ್ಯೂಮಿನಿಯಂ ಪದರ ಹಾಕಿರುತ್ತಾರೆ. ಅದಿಲ್ಲದಿದ್ದರೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಬೇಯುವುದೇ ಇಲ್ಲ. ಅಂಥ ಒಂದು ಪಾತ್ರೆ, ಒಂದು ಬಾಣಲೆ. ನಾನ್‌ಸ್ಟಿಕ್ ಇದ್ದರೆ ಖಾಲಿ ಕಾಯಿಸಬೇಡಿ, ಸುಮಾರು 260 ಡಿಗ್ರಿ ದಾಟಿದರೆ ಲೇಪ ಕೆಡುತ್ತದೆ. ಅಳತೆ ಚಮಚ ಎರಡು ಸಾಕು, 15 ಮಿಲಿಲೀಟರಿನದು, 5ರದು. ಮಿಕ್ಸರ್, ಓವನ್ ಎಲ್ಲ ಕೇಳಿ ನನಗೆ ಪತ್ರ ಬರೆಯಬೇಡಿ. ಮೂರು ತಿಂಗಳು ಅಡುಗೆ ಮಾಡಿ, ಏನು ಬೇಕೆಂದು ನಿಮಗೇ ಗೊತ್ತಾಗುತ್ತದೆ.

ಇನ್ನೊಂದೇ ಮಾತು, ಮತ್ತೆ ಚಾಕುವಿನದೇ. ಹರಿತ ಮಾಡಿ ಅಂತ ಹೇಳಿಬಿಟ್ಟು ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಕೈಯಿಂದ ಚಾಕು ಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ. ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ನೆಲಕ್ಕೆ ಬಿದ್ದು ಶಬ್ದ ನಿಂತ ಮೇಲೆ ಎತ್ತಿಕೊಳ್ಳಿ. ನೆಲ ಚೂರು ಮುಕ್ಕಾದರೆ ಆಗಲಿ.

ನಮಸ್ಕಾರ.