ಹೊಳ್ಳಿಸಿ ನೋಡ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಹಿಂದೆ ಗೋಡೆಗೆ ನವಲಗುಂದದ ಜಮಖಾನೆ ತೂಗುಹಾಕಿದ್ದಾರೆ, ನೋಡಿದಿರಲ್ವಾ? ಚೆಂದ ಇದೆ. ಆದರೆ ನಮಗೆ ಕಾಣುತ್ತಿರುವುದು ಅರ್ಧ ಮಾತ್ರ. ಮಾತು ಮುಗಿದ ಮೇಲೆ ಇಳಿಸಿ ಮೇಜಿನ ಮೇಲೆ ಹಾಸಿ ಎಂದು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ.

ನಾನು ಮೊದಲು ಕೊಂಡ ಜಮಖಾನೆ ಪೇಟೆಯ ಒಂದು ಅಂಗಡಿಯದು. ಕೈಯಲ್ಲಿ ನೇಯ್ದದ್ದು ಅಂದರು, ನವಿಲು ಇತ್ತು, ನಂಬಿದೆ. ಅದನ್ನೇ ಮಡಚಿಕೊಂಡು ನವಲಗುಂದದ ಜಮಖಾನ ಗಲ್ಲಿಗೆ ಹೋದೆ, ನೇಯುವವರಿಗೆ ತೋರಿಸೋಣ ಅಂತ. ಒಳಗೆ ಎದ್ದು ನಿಂತ ಮಗ್ಗ. ಒಂದೇ ಹಲಗೆ ಮೇಲೆ ಇಬ್ಬರು ಹೆಂಗಸರು ಪಕ್ಕಪಕ್ಕ ಕೂತಿದ್ದಾರೆ. ಲಾಳಿ ಇಲ್ಲ. ಬಣ್ಣದ ಹತ್ತಿನೂಲನ್ನು ಬೆರಳಲ್ಲೇ ಹಾಸಿನೊಳಗೆ, ಅಂದರೆ ಮಗ್ಗಕ್ಕೆ ಬಿಗಿದ ಉದ್ದದ ದಾರಗಳ ನಡುವೆ, ತೂರಿಸುತ್ತಾರೆ, ಆ ಬಣ್ಣ ಮುಗಿಯುವ ಕಡೆ ವಾಪಸ್ ತಿರುಗಿಸುತ್ತಾರೆ, ಆಮೇಲೆ ಪಂಜಾ ಅನ್ನುವ ಕಬ್ಬಿಣದ ಹಣಿಗೆಯಿಂದ ಧಪ್ ಧಪ್ ಅಂತ ಬಡಿದು ಕೂರಿಸುತ್ತಾರೆ. ಎದುರಿಗೆ ನಕ್ಷೆಯ ಕಾಗದ ಇರಲಿಲ್ಲ. ನವಿಲಿನ ಕತ್ತು ಎಲ್ಲಿ ಬಾಗಬೇಕು ಅಂತ ಇಬ್ಬರಿಗೂ ಗೊತ್ತು.

ಅವರಲ್ಲಿ ಹಿರಿಯರು ನನ್ನ ಜಮಖಾನೆ ತೆಗೆದುಕೊಂಡು ಮೇಲಿನ ನವಿಲನ್ನು ನೋಡಲೇ ಇಲ್ಲ, ಸೀದಾ ಹೊಳ್ಳಿಸಿದರು. ಹಿಂದೆ ಬರೀ ಮಾಸಲು ಬಿಳಿ. ನವಿಲು ಅಚ್ಚು ಹಾಕಿದ್ದು. ನನ್ನ ಮುಖ ನೋಡಿ ತಮ್ಮದೊಂದನ್ನು ತಂದು ಹಾಸಿದರು. "ಇದನ್ನೂ ಹೊಳ್ಳಿಸಿ ನೋಡ್ರಿ ಅಕ್ಕಾರ." ಹೊಳ್ಳಿಸಿದೆ. ಆ ಕಡೆಯೂ ಅದೇ ನವಿಲು, ಅದೇ ಪಗಡೆಯ ಮನೆಗಳು, ಅದೇ ಕೆಂಪು. ಯಾವುದು ಮೇಲು, ಯಾವುದು ಕೆಳಗು ಅಂತ ಹೇಳಲಾರದೆ ಕೂತೆ.

ಹಿಂದೆ ಈ ಕೆಲಸವನ್ನು ಮಗಳಿಗೆ ಕಲಿಸುತ್ತಿರಲಿಲ್ಲವಂತೆ, ಮದುವೆಯಾಗಿ ಹೋದರೆ ಕಸುಬೂ ಮನೆ ಬಿಟ್ಟು ಹೋಗುತ್ತದೆ ಅಂತ. ಸೊಸೆಗೆ ಕಲಿಸುತ್ತಿದ್ದರು. ಈಗ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಮಗ್ಗದ ಮುಂದೆ ಕೂರುವವರು ಬೆರಳೆಣಿಕೆ.

ರತ್ನಗಂಬಳಿಯಲ್ಲೂ ಇದೇ ಮಾತು. ಅದರಲ್ಲಿ ನೂಲನ್ನು ಹಾಸಿನ ದಾರಕ್ಕೆ ಒಂದೊಂದೇ ಗಂಟು ಹಾಕುತ್ತಾರೆ, ಆ ಗಂಟು ಎಣಿಸುವುದು ಹಿಂದಿನಿಂದಲೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಇರಾನಿನ ಅರ್ದಬೀಲ್ ರತ್ನಗಂಬಳಿ ಹತ್ತು ಮೀಟರಿಗಿಂತ ಉದ್ದ. ಅಂಗೈಯಷ್ಟು ಜಾಗದಲ್ಲಿ, ಅಂದರೆ ಹತ್ತು ಸೆಂಟಿಮೀಟರ್ ಚೌಕದಲ್ಲಿ, ಸುಮಾರು 5,300 ಗಂಟು! ಅದರಲ್ಲೇ ಮಕ್ಸೂದ್ ಕಾಶಾನಿ ಅನ್ನುವ ಹೆಸರೂ ಹಿಜರಿ 946 ಅನ್ನುವ ವರ್ಷವೂ ನೇಯ್ದಿದೆ, ನಮ್ಮ ಲೆಕ್ಕಕ್ಕೆ 1539-40. ಮ್ಯೂಸಿಯಂ 1893ರಲ್ಲಿ 2,000 ಪೌಂಡಿಗೆ ಕೊಂಡಿತು. ಇದಕ್ಕೊಂದು ಜೋಡಿ ಇತ್ತು. ಸವೆದಿದ್ದ ಇದನ್ನು ಪೂರ್ತಿ ಮಾಡಲು ಆ ಜೋಡಿಯನ್ನು ಕತ್ತರಿಸಿ ತೇಪೆ ಹಾಕಿದರು. ಅಂಚು ಕಳೆದುಕೊಂಡ ಆ ಇನ್ನೊಂದು ಈಗ ಲಾಸ್ ಏಂಜಲೀಸ್‌ನಲ್ಲಿದೆ. ಒಂದೇ ಒಂದು ದಿನ ಮಗ್ಗದ ಮುಂದೆ ಕೂತವರಿಗೆ ಕತ್ತರಿ ಹಿಡಿಯಲು ಕೈ ಬರುತ್ತಿತ್ತಾ? ಅದಕ್ಕೇ ಇಂಥವನ್ನು ಕೊಂಡು ಕೂಡಿಡುವವರಿಗೆಲ್ಲ ಹೇಳುತ್ತೇನೆ, ಒಂದು ಗೇಣಾದರೂ ನೇಯ್ದು ನೋಡಿ.

ಸಮಯ ಆಯ್ತು ಅಂತ ಚೀಟಿ ಬಂತು. ಬಣ್ಣದ ವಿಷಯ, ನುಸಿ ಹಿಡಿಯದಂತೆ ಇಡುವುದು, ಎರಡನ್ನೂ ಬಿಡುತ್ತೇನೆ. ಕುಚ್ಚಿನ ಬಗ್ಗೆ ಒಂದು ಮಾತು. ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿಯ ಕುಚ್ಚು ಅಂದರೆ ಹಾಸಿನ ದಾರದ ತುದಿಯೇ. ಆಮೇಲೆ ಹೊಲಿದು ಅಂಟಿಸಿದ ಕುಚ್ಚು ಕಂಡರೆ ಕೈಕೆಲಸದ ಬೆಲೆ ಕೊಡಬೇಡಿ, ಮೊದಲು ವಿಚಾರಿಸಿ.

ಜಮಖಾನೆ ಇಳಿಸ್ತಾ ಇದ್ದಾರೆ. ಬನ್ನಿ, ಕೈ ಒರೆಸಿಕೊಂಡು ಮುಟ್ಟಿ. ಆ ಮೂಲೆ ಹಿಡಿಯಿರಿ, ಹೊಳ್ಳಿಸೋಣ.