ಪೋರ್ಟ್ ‘ಅಪ್’ ಆದ ಮೇಲೆ

ಎಲ್ಲರಿಗೂ ನಮಸ್ಕಾರ. ಡೇಟಾ ಸೆಂಟರ್ ಸ್ವಿಚ್ಚಿಗೆ ಕೇಬಲ್ ಸಿಕ್ಕಿಸಿದಾಗ ಹಸಿರು ದೀಪ ಹೊತ್ತಿಕೊಂಡರೆ ಕೆಲಸ ಮುಗಿಯಿತು ಎಂದು ನಂಬುವವರೇ ಹೆಚ್ಚು. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ. ಈಥರ್ನೆಟ್ ಇಂಟರ್‌ಫೇಸ್ ಎಂದರೆ ತಂತಿಯ ಎರಡು ತುದಿಗಳ ನಡುವಿನ ಒಪ್ಪಂದ. ಅದು ಪೂರ್ತಿ ಮುರಿದರೆ ದೀಪ ಆರುತ್ತದೆ, ನಮಗೂ ತಕ್ಷಣ ತಿಳಿಯುತ್ತದೆ. ಅರ್ಧ ಮುರಿದರೆ ಮಾತ್ರ ರಾತ್ರಿಯ ನಿದ್ದೆ ಹೋಗುತ್ತದೆ.

ಎಂಟಿಯು, ಅಂದರೆ ಒಂದು ಫ್ರೇಮ್ (ತಂತಿಯ ಮೇಲೆ ಸಾಗುವ ದತ್ತಾಂಶದ ಕಟ್ಟು) ಹೊರಬಹುದಾದ ದತ್ತಾಂಶದ ಮಿತಿ, ಇದಕ್ಕೆ ಒಳ್ಳೆಯ ಉದಾಹರಣೆ. ಈಥರ್ನೆಟ್ಟಿನ ರೂಢಿಯ ಮಿತಿ 1500 ಬೈಟ್. ಸ್ಟೋರೇಜ್ ಜಾಲಗಳಲ್ಲಿ ಸರ್ವರಿಗೆ 9000, ಸ್ವಿಚ್ಚಿಗೆ 9216 ಎಂದು ಹಾಕುವುದು ವಾಡಿಕೆ. ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಜಾಲ) ಟ್ಯಾಗ್‌ಗೆ 4 ಬೈಟ್, ವಿಎಕ್ಸ್‌ಲ್ಯಾನ್ (ಫ್ರೇಮನ್ನು ಇನ್ನೊಂದು ಪ್ಯಾಕೆಟ್ಟಿನೊಳಗೆ ಸುತ್ತಿ ಕಳುಹಿಸುವ ವಿಧಾನ) ಹೊದಿಕೆಗೆ 50 ಬೈಟ್ ಬೇಕಾಗುವುದರಿಂದ ಸ್ವಿಚ್ಚಿನಲ್ಲಿ ಆ ಹೆಚ್ಚುವರಿ ಜಾಗ ಇರಬೇಕು. ದಾರಿಯಲ್ಲಿ ಒಂದೇ ಒಂದು ಪೋರ್ಟ್ 1500ರಲ್ಲಿ ಉಳಿದರೆ ಏನಾಗುತ್ತದೆ? ಪಿಂಗ್ (ಆಚೆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಕಡತ ಕಳುಹಿಸಲು ಹೊರಟರೆ ಎಲ್ಲವೂ ನಿಂತುಬಿಡುತ್ತದೆ. ಎರಡನೇ ಪದರದ ಸ್ವಿಚ್ ದೊಡ್ಡ ಫ್ರೇಮನ್ನು ಸದ್ದಿಲ್ಲದೆ ಬಿಸಾಡುತ್ತದೆ. ಕಳುಹಿಸಿದವನಿಗೆ ಒಂದು ಮಾತೂ ಹೇಳುವುದಿಲ್ಲ. ಆದ್ದರಿಂದ ಸುಮ್ಮನೆ ಪಿಂಗ್ ಮಾಡಿದರೆ ಸಾಲದು. ತುಂಡರಿಸಬೇಡ ಎಂಬ ಗುರುತು ಹಚ್ಚಿ, 8972 ಬೈಟ್ ತುಂಬಿ ಕಳುಹಿಸಿ. ಪಿಂಗ್ ಬಳಸುವ ಐಸಿಎಂಪಿಯ ತಲೆಬರಹದ 8, ಐಪಿಯ ತಲೆಬರಹದ 20 ಸೇರಿ ಸರಿಯಾಗಿ 9000 ಆಗುತ್ತದೆ. ಅದು ಹೋಗಿ ಮರಳಿ ಬಂದರೆ ಮಾತ್ರ ನಾನು ನಂಬುತ್ತೇನೆ.

ವೇಗದ ವಿಷಯಕ್ಕೆ ಬರೋಣ. 100 ಗಿಗಾಬಿಟ್ ಪೋರ್ಟನ್ನು ನಾಲ್ಕು 25 ಗಿಗಾಬಿಟ್‌ಗಳಾಗಿ ಒಡೆಯಬಹುದು. ಸಿಸ್ಕೋದ ನೆಕ್ಸಸ್ ಸ್ವಿಚ್ಚಿನಲ್ಲಿ ಹಾಗೆ ಒಡೆದ ಕೂಡಲೇ 1/1 ಎಂಬ ಇಂಟರ್‌ಫೇಸ್ ಮಾಯವಾಗಿ 1/1/1ರಿಂದ 1/1/4ರವರೆಗಿನ ನಾಲ್ಕು ಹುಟ್ಟುತ್ತವೆ. ಹಳೆಯ ಸಂರಚನೆ ತಾನಾಗಿ ಹೊಸದಕ್ಕೆ ಬರುತ್ತದೆಂದು ಕಾಯಬೇಡಿ. 10 ಗಿಗಾಬಿಟ್ ಕಾಲದಿಂದ ಬಂದವರನ್ನು ಕಾಡುವುದು ಎಫ್‌ಇಸಿ, ಅಂದರೆ ದೋಷ ತಿದ್ದುವ ಸಂಕೇತ. 25 ಗಿಗಾಬಿಟ್ ತಾಮ್ರದ ಕೇಬಲ್‌ನ ಒಂದು ತುದಿಯಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಲಿಂಕ್ ಮೇಲೇಳುವುದೇ ಇಲ್ಲ. ಪಾಪ, ಕೇಬಲ್ ಬೈಗುಳ ತಿನ್ನುತ್ತದೆ.

ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಪೋರ್ಟ್ ಬಗ್ಗೆ ಒಂದೇ ಎಚ್ಚರಿಕೆ. ಅನುಮತಿಸಿದ ವಿಲ್ಯಾನ್‌ಗಳ ಪಟ್ಟಿಗೆ 20ನ್ನು ಸೇರಿಸುವಾಗ ‘ಆಡ್’ ಎಂಬ ಪದ ಬಿಟ್ಟರೆ ಪಟ್ಟಿಯಲ್ಲಿ 20 ಮಾತ್ರ ಉಳಿದು ಮಿಕ್ಕೆಲ್ಲವೂ ಉದುರಿಹೋಗುತ್ತವೆ. ಪೋರ್ಟುಗಳನ್ನು ಒಂದೇ ಲಿಂಕ್‌ನಂತೆ ಒಟ್ಟು ಕಟ್ಟುವಾಗ ಎರಡೂ ಕಡೆ, ತುದಿಗಳು ಪರಸ್ಪರ ಸಂದೇಶ ಕಳುಹಿಸಿ ಖಚಿತಪಡಿಸಿಕೊಳ್ಳುವ ನಿಯಮವಾದ ಎಲ್‌ಎಸಿಪಿ ಇರಲಿ. ‘ಆನ್’ ಎಂದು ಬಲವಂತವಾಗಿ ಕಟ್ಟಿದರೆ ಆಚೆ ತುದಿ ತಪ್ಪು ಯಂತ್ರಕ್ಕೆ ಸೇರಿದ್ದರೂ ಸ್ವಿಚ್ಚಿಗೆ ಅರಿವಾಗದು. ಎಲ್‌ಎಸಿಪಿಯ ನಿಧಾನದ ಲೆಕ್ಕದಲ್ಲಿ ಸಂದೇಶ 30 ಸೆಕೆಂಡಿಗೊಮ್ಮೆ ಬರುತ್ತದೆ, ಮೂರು ತಪ್ಪಿದರೆ ಮಾತ್ರ ಸಂಬಂಧ ಕಡಿಯುತ್ತದೆ. ಅಂದರೆ 90 ಸೆಕೆಂಡ್ ದತ್ತಾಂಶ ಬಾವಿಗೆ ಬೀಳಬಹುದು. ವೇಗದ ಲೆಕ್ಕದಲ್ಲಿ ಅದು 3 ಸೆಕೆಂಡ್.

ಕೊನೆಯದಾಗಿ, ಫ್ರೇಮ್ ದಾರಿಯಲ್ಲಿ ಕೆಟ್ಟಿದೆ ಎಂದು ಹೇಳುವ ಸಿಆರ್‌ಸಿ ದೋಷಗಳು. ಕಟ್-ಥ್ರೂ ಸ್ವಿಚ್ ಫ್ರೇಮಿನ ತಲೆ ಕಂಡೊಡನೆ ಮುಂದಕ್ಕೆ ದೂಡಲು ಶುರುಮಾಡುತ್ತದೆ. ತಪ್ಪು ಹಿಡಿಯುವ 4 ಬೈಟ್ ಇರುವುದು ಬಾಲದಲ್ಲಿ. ದೋಷ ಗೊತ್ತಾಗುವ ಹೊತ್ತಿಗೆ ಕೆಟ್ಟ ಫ್ರೇಮ್ ಮುಂದಿನ ಸ್ವಿಚ್ ತಲುಪಿರುತ್ತದೆ, ಅಲ್ಲಿಯೂ ಲೆಕ್ಕಕ್ಕೆ ಸೇರುತ್ತದೆ. ಆ ಎರಡನೆಯ ಸ್ವಿಚ್ಚಿನ ಕೇಬಲ್ ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎಲ್ಲ ಸ್ವಿಚ್ಚುಗಳ ಕೌಂಟರ್‌ಗಳನ್ನು ಸೊನ್ನೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓದಿ, ಫ್ರೇಮ್ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಒಳಬರುವ ದೋಷ ಮೊದಲು ಕಾಣಿಸುವ ಪೋರ್ಟ್ ಯಾವುದೋ, ಅದರ ಕೇಬಲ್ಲಿನ ಮೇಲೆ ಅನುಮಾನ ಇಡಿ. ಅಲ್ಲಿ ಫೈಬರ್ ಇದ್ದರೆ ಮಾಡ್ಯೂಲಿಗೆ ಬರುತ್ತಿರುವ ಬೆಳಕಿನ ಮಟ್ಟ ನೋಡಿ, ಕನೆಕ್ಟರ್ ಒರೆಸಿ. ಮಾಡ್ಯೂಲ್ ಬದಲಿಸುವ ಮಾತು ಆಮೇಲೆ.